ಡ್ರಾಯಿಂಗ್ ಕಲಿತರೆ ಸಾಲದು, ದಾಟಿಸಲೂ ಗೊತ್ತಿರಬೇಕು

ಪುತ್ತೂರು, ಸುಳ್ಯ, ಕಡಬದ ನಮ್ಮ ಮಕ್ಕಳು ಕ್ಯಾಡ್ ಕಲಿತು ಬೆಂಗಳೂರಿಗೆ, ಗಲ್ಫಿಗೆ ಹೊರಡುತ್ತಿದ್ದಾರೆ. ಒಂದು ಸಾಫ್ಟ್‌ವೇರ್‌ನಲ್ಲಿ ಮಾಡಿದ ವಿನ್ಯಾಸವನ್ನು ಇನ್ನೊಂದಕ್ಕೆ ಕೆಡದ ಹಾಗೆ ತಲುಪಿಸುವ ವಿದ್ಯೆಯನ್ನು ಮಾತ್ರ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ. ಹುಡುಗನನ್ನು ಇನ್ನು ಎಂತ ಓದಿಸುವುದು? ಊರಿಗೆ ರಜೆಯಲ್ಲಿ ಬಂದ ಸೌದಿಯ ಕಾಕನೋ ದುಬೈಯ ಬಾವನೋ ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿಸಿ, ಜೊತೆಗೆ ಒಂದು ಕ್ಯಾಡ್ ಕೋರ್ಸು ಮಾಡಿಸಿ, ಮತ್ತೆ ನೋಡುವ." ಸಲಹೆ ತಪ್ಪೇನಲ್ಲ. ಸುಳ್ಯದಲ್ಲಿ 1986ರಿಂದ ಕೆವಿಜಿ ಎಂಜಿನಿಯರಿಂಗ್ ಕಾಲೇಜು ಉಂಟು, ಪುತ್ತೂರಿನ ನೆಹರೂನಗರದಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು ಉಂಟು. ಮಂಗಳೂರು ಕಡೆಗೆ ಹೋದರೆ ನಡುಪದವಿನ ಪಿ.ಎ. ಕಾಲೇಜು, ಇನ್ನೋಳಿಯ ಬ್ಯಾರೀಸ್ ಕಾಲೇಜು ಉಂಟು. ಅಡಿಕೆ, ಬೀಡಿ, ಮರ, ಮೀನು ಎಂದು ವ್ಯಾಪಾರ ಮಾಡಿಕೊಂಡು ಬಂದ ಕುಟುಂಬಗಳ ಮೂರನೆಯ ತಲೆಮಾರು ಈಗ ಕಂಪ್ಯೂಟರಿನ ಮುಂದೆ ಕುಳಿತು ಯಂತ್ರದ ಭಾಗಗಳನ್ನು ಬಿಡಿಸುತ್ತಿದೆ.

ಕೋರ್ಸಿನಲ್ಲಿ ಕಲಿಸುವುದು ಒಂದು ಸಾಫ್ಟ್‌ವೇರ್‌ನ ಬಟನುಗಳನ್ನು. ಗೆರೆ ಎಳೆಯುವುದು ಹೇಗೆ, ತೂತು ಕೊರೆಯುವುದು ಹೇಗೆ, ಭಾಗಗಳನ್ನು ಜೋಡಿಸುವುದು ಹೇಗೆ ಎಂದು. ಕೆಲಸಕ್ಕೆ ಸೇರಿದ ಮೇಲೆ ಎದುರಾಗುವ ಪ್ರಶ್ನೆಯೇ ಬೇರೆ. ಕಂಪೆನಿಯಲ್ಲಿ ಇರುವುದು ಬೇರೆ ಸಾಫ್ಟ್‌ವೇರ್. ಗಿರಾಕಿಯ ಹತ್ತಿರ ಇರುವುದು ಮತ್ತೊಂದು. ಲೇತ್ ಮೆಷಿನಿನವನಿಗೆ ಬೇಕಾದದ್ದು ಮಗದೊಂದು. ಇವನು ಕಳಿಸಿದ ಫೈಲು ಅವರಲ್ಲಿ ತೆರೆಯುವುದಿಲ್ಲ. ತೆರೆದರೂ ಒಂದು ತೂತು ಕಾಣೆ, ಒಂದು ಮೇಲ್ಮೈ ಹರಿದುಹೋಗಿದೆ, ಅಳತೆ ಇಂಚೋ ಮಿಲಿಮೀಟರೋ ಗೊತ್ತಾಗುತ್ತಿಲ್ಲ. ಆಗ ಕೆಲಸ ನಿಲ್ಲುತ್ತದೆ, ಮಾತು ಕೇಳಬೇಕಾಗುತ್ತದೆ.

ಒಂದು ಯಂತ್ರ, ನಾಲ್ಕು ಫೈಲು

ದೂರದ ಉದಾಹರಣೆ ಬೇಡ, ನಮ್ಮ ಅಡಿಕೆ ಸುಲಿಯುವ ಯಂತ್ರವನ್ನೇ ತೆಗೆದುಕೊಳ್ಳುವ. ಕೆಲಸಕ್ಕೆ ಜನ ಸಿಗುವುದು ಕಷ್ಟವಾದ ಮೇಲೆ ನಮ್ಮ ಮೂರು ತಾಲೂಕುಗಳ ತೋಟಗಳಿಗೆ ಯಂತ್ರ ಬೇಕೇ ಬೇಕು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ತನ್ನ 50ನೇ ವರ್ಷದಲ್ಲಿ, 2023ರ ಫೆಬ್ರವರಿಯಲ್ಲಿ, ಪುತ್ತೂರಿನಲ್ಲಿ ಕೃಷಿ ಯಂತ್ರ ಮೇಳ ನಡೆಸಿದ್ದು ಓದುಗರಿಗೆ ನೆನಪಿರಬಹುದು. ಅಲ್ಲಿ ಕಾಣುವಂಥ ಯಂತ್ರಗಳು ಎಲ್ಲವೂ ದೊಡ್ಡ ಕಾರ್ಖಾನೆಗಳಿಂದ ಬರುವುದಿಲ್ಲ. ಕೆಲವು ನಮ್ಮದೇ ಊರಿನ ವೆಲ್ಡಿಂಗ್ ಶೆಡ್ಡುಗಳಲ್ಲಿ ಹುಟ್ಟುತ್ತವೆ.

ಈಗ ಕಡಬದ ಒಬ್ಬ ಹುಡುಗ ಹೊಸ ಸುಲಿಯುವ ಯಂತ್ರವೊಂದನ್ನು ಕಂಪ್ಯೂಟರಿನಲ್ಲಿ ಮಾಡಿದ ಎಂದಿಟ್ಟುಕೊಳ್ಳಿ. ಅದರ ಹೊರಗಿನ ತಗಡನ್ನು ಕತ್ತರಿಸಲು ಲೇಸರ್ ಕಟ್ಟಿಂಗ್‌ನವರಿಗೆ ಕೊಡಬೇಕು. ಅವರು ಕೇಳುವುದು ಡಿಎಕ್ಸ್‌ಎಫ್ ಫೈಲು. ಒಳಗಿನ ಶಾಫ್ಟನ್ನು ಸಿಎನ್‌ಸಿ ಮೆಷಿನಿನಲ್ಲಿ ಮಾಡಿಸಬೇಕು. ಅವರು ಕೇಳುವುದು ಸ್ಟೆಪ್ ಫೈಲು. ಅಡಿಕೆ ಬೀಳುವ ಪ್ಲಾಸ್ಟಿಕ್ ಬಾಯಿಯನ್ನು ತ್ರೀಡಿ ಪ್ರಿಂಟ್ ಮಾಡಿ ನೋಡಬೇಕು. ಅವರು ಕೇಳುವುದು ಎಸ್‌ಟಿಎಲ್. ಶಿವಮೊಗ್ಗದ ಗಿರಾಕಿಗೆ ಮೊಬೈಲಿನಲ್ಲಿ ತೋರಿಸಲು ಪಿಡಿಎಫ್. ಯಂತ್ರ ಒಂದೇ, ಕೊಡಬೇಕಾದ ರೂಪ ನಾಲ್ಕು.

ಪ್ರತಿಯೊಂದಕ್ಕೂ ಅದರದೇ ಗುಣ, ಅದರದೇ ದೋಷ. ಡಿಎಕ್ಸ್‌ಎಫ್ 1982ರ ಕೊನೆಯಲ್ಲಿ ಆಟೋಕ್ಯಾಡ್ ಜೊತೆ ಬಂದದ್ದು. ಗೆರೆ, ವೃತ್ತ, ಕಮಾನುಗಳನ್ನು ಚೆನ್ನಾಗಿ ಹೊರುತ್ತದೆ, ಆದ್ದರಿಂದ ತಗಡು ಕತ್ತರಿಸಲು ಇವತ್ತಿಗೂ ಅದೇ ನಡೆಯುತ್ತದೆ. ಎಸ್‌ಟಿಎಲ್ 1987ರಲ್ಲಿ ತ್ರೀಡಿ ಪ್ರಿಂಟಿಂಗ್‌ಗೆಂದೇ ಬಂತು. ಅದು ವಸ್ತುವಿನ ಮೈಯನ್ನೆಲ್ಲ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಹೇಳುತ್ತದೆ. ದುಂಡಗಿನ ಶಾಫ್ಟ್ ಎಸ್‌ಟಿಎಲ್‌ನಲ್ಲಿ ನಿಜವಾಗಿ ದುಂಡಗೆ ಇರುವುದಿಲ್ಲ, ಬಹಳ ಮುಖಗಳ ಕೋಲಾಗಿರುತ್ತದೆ. ಇನ್ನೊಂದು ಅಪಾಯ, ಎಸ್‌ಟಿಎಲ್‌ನಲ್ಲಿ ಅಳತೆಯ ಮಾನವೇ ಬರೆದಿರುವುದಿಲ್ಲ. 25 ಎಂದಷ್ಟೇ ಇರುತ್ತದೆ. ಮಿಲಿಮೀಟರ್ ಎಂದು ಕಳಿಸಿದ್ದನ್ನು ಅವರು ಇಂಚೆಂದು ತೆರೆದರೆ 25 ಮಿ.ಮೀ. ಇದ್ದದ್ದು 635 ಮಿ.ಮೀ. ಆಗುತ್ತದೆ. ಬೆರಳು ಗಾತ್ರದ್ದು ಕೈ ಉದ್ದ ಆಯ್ತು!

ಯಾಕೆ ತೆರೆಯುವುದಿಲ್ಲ?

"ಎಲ್ಲವೂ ಕಂಪ್ಯೂಟರಲ್ವಾ, ಯಾಕೆ ತೆರೆಯುವುದಿಲ್ಲ?" ಎಂದು ಮನೆಯವರು ಕೇಳುವುದುಂಟು. ಕಾರಣ ಸಾಫ್ಟ್‌ವೇರ್‌ನ ಹೊಟ್ಟೆಯೊಳಗಿದೆ. ಪ್ರತಿ ಕ್ಯಾಡ್ ಸಾಫ್ಟ್‌ವೇರ್‌ಗೂ ಆಕಾರಗಳ ಲೆಕ್ಕ ಮಾಡುವ ಒಂದು ಎಂಜಿನ್ ಇರುತ್ತದೆ, ಅದನ್ನು ಕರ್ನೆಲ್ ಎನ್ನುತ್ತಾರೆ. ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಎನ್‌ಎಕ್ಸ್ ಇವು ಮೂರರ ಒಳಗೂ ಇರುವುದು ಪ್ಯಾರಾಸಾಲಿಡ್ ಎಂಬ ಒಂದೇ ಎಂಜಿನ್. ಕಟಿಯಾದ್ದು ಬೇರೆ, ಕ್ರಿಯೋದ್ದು ಬೇರೆ, ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನೊಳಗೆ ಓಪನ್ ಕ್ಯಾಸ್ಕೇಡ್.

ಈ ಎಂಜಿನ್‌ಗಳ ನಡುವೆ ಜಗಳ ಬರುವುದು ಬಹಳ ಸಣ್ಣ ವಿಷಯಕ್ಕೆ. ಎರಡು ತಗಡಿನ ಅಂಚುಗಳು ಎಷ್ಟು ಹತ್ತಿರ ಬಂದರೆ "ಸೇರಿತು" ಎಂದು ಲೆಕ್ಕ? ಒಂದು ಎಂಜಿನ್ ಸಾವಿರದ ಒಂದಂಶ ಮಿಲಿಮೀಟರ್ ಅಂತರವನ್ನು ಸೇರಿದ್ದೆಂದು ಒಪ್ಪುತ್ತದೆ. ಇನ್ನೊಂದು ಅದಕ್ಕಿಂತಲೂ ಬಿಗಿ, ಅದಕ್ಕೆ ಅಲ್ಲಿ ಸಂದು ಕಾಣುತ್ತದೆ. ಒಬ್ಬನ ಕಂಪ್ಯೂಟರಿನಲ್ಲಿ ಗಟ್ಟಿ ಕಬ್ಬಿಣದ ತುಂಡಾಗಿದ್ದದ್ದು ಇನ್ನೊಬ್ಬನಲ್ಲಿ ಹೊಲಿಗೆ ಬಿಟ್ಟ ಗೋಣಿಚೀಲದ ಹಾಗೆ ತೆರೆಯುವುದು ಇದರಿಂದಲೇ. ಅದನ್ನು ಮತ್ತೆ ಹೊಲಿದು ಗಟ್ಟಿ ಮಾಡುವುದಕ್ಕೆ ಈ ಕಸುಬಿನಲ್ಲಿ "ಹೀಲಿಂಗ್" ಎಂದು ಹೆಸರು.

ಇನ್ನೊಂದು ಕಾರಣ ವ್ಯಾಪಾರದ್ದು. ಪ್ರತಿ ಕಂಪೆನಿಯೂ ತನ್ನ ಫೈಲಿನ ಒಳಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಫೈಲು ಬೇರೆಯವರಲ್ಲಿ ಸಲೀಸಾಗಿ ತೆರೆದರೆ ಗಿರಾಕಿ ಸಲೀಸಾಗಿ ಬಿಟ್ಟುಹೋಗಬಹುದಲ್ಲ. ಒಂದೇ ಸಾಫ್ಟ್‌ವೇರ್ ಆದರೂ ಹೊಸ ವರ್ಷದ ಆವೃತ್ತಿಯಲ್ಲಿ ಮಾಡಿದ್ದು ಹಳೆಯದರಲ್ಲಿ ಸಾಮಾನ್ಯವಾಗಿ ತೆರೆಯದು.

ಸಂತೆಯ ತುಳುವಿನ ಹಾಗೆ

ನಮ್ಮ ಕಡೆಯ ಸಂತೆಯನ್ನು ನೋಡಿದವರಿಗೆ ಇದಕ್ಕೆ ಪರಿಹಾರ ಹೇಗೆ ಹುಟ್ಟಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಸುಳ್ಯದ ಗೌಡರ ಮನೆಯಲ್ಲಿ ಅರೆಭಾಷೆ, ಭಟ್ರ ಮನೆಯಲ್ಲಿ ಹವ್ಯಕ, ನಮ್ಮ ಮನೆಯಲ್ಲಿ ಬ್ಯಾರಿ, ಇನ್ನೊಬ್ಬರಲ್ಲಿ ಕೊಂಕಣಿ. ಸಂತೆಯಲ್ಲಿ ಎದುರಾದಾಗ ಎಲ್ಲರೂ ತುಳುವಿನಲ್ಲಿ ಮಾತಾಡಿ ವ್ಯಾಪಾರ ಮುಗಿಸುತ್ತಾರೆ. ಪ್ರತಿಯೊಬ್ಬನೂ ಪ್ರತಿಯೊಬ್ಬನ ಭಾಷೆ ಕಲಿಯಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಭಾಷೆ ಇದ್ದರೆ ಸಾಕು.

ಲೆಕ್ಕವೂ ಅದನ್ನೇ ಹೇಳುತ್ತದೆ. ಹತ್ತು ಸಾಫ್ಟ್‌ವೇರ್‌ಗಳಿದ್ದು ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ನೇರ ಪರಿವರ್ತಕ ಮಾಡಬೇಕೆಂದರೆ 90 ಪರಿವರ್ತಕಗಳು ಬೇಕು. ನಡುವೆ ಒಂದು ಸಾಮಾನ್ಯ ರೂಪ ಇಟ್ಟುಕೊಂಡರೆ ಅದಕ್ಕೆ ಹೋಗಲು ಹತ್ತು, ಅದರಿಂದ ಬರಲು ಹತ್ತು, ಒಟ್ಟು 20 ಸಾಕು.

ಈ ದಾರಿಯಲ್ಲಿ ಮೊದಲು ಬಂದ ದೊಡ್ಡ ಹೆಸರು ಐಜಿಇಎಸ್. ಅಮೆರಿಕದಲ್ಲಿ 1979ರಲ್ಲಿ ಬೋಯಿಂಗ್, ಜನರಲ್ ಎಲೆಕ್ಟ್ರಿಕ್‌ನಂಥ ಕಂಪೆನಿಗಳೂ ಅಲ್ಲಿನ ಸರಕಾರದ ಮಾನಕ ಸಂಸ್ಥೆಯೂ ಸೇರಿ ಕೆಲಸ ಶುರುಮಾಡಿ 1980ರಲ್ಲಿ ಹೊರತಂದವು. ಗೆರೆ ಮತ್ತು ಮೇಲ್ಮೈಗಳನ್ನು ಅದು ದಾಟಿಸುತ್ತಿತ್ತು. 1996ರ 5.3ನೇ ಆವೃತ್ತಿಯ ನಂತರ ಅದು ಬೆಳೆಯಲಿಲ್ಲ. ಆದರೂ ಹಳೆಯ ಕಾರ್ಖಾನೆಗಳಲ್ಲಿ ಇವತ್ತಿಗೂ ಐಜಿಇಎಸ್ ಫೈಲು ಕೇಳುವವರಿದ್ದಾರೆ.

ಆಮೇಲೆ ಬಂದದ್ದು ಸ್ಟೆಪ್. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1984ರಲ್ಲಿ ಕೆಲಸ ಆರಂಭಿಸಿ ಹತ್ತು ವರ್ಷ ತೆಗೆದುಕೊಂಡು 1994ರಲ್ಲಿ ಮೊದಲ ಭಾಗಗಳನ್ನು ಪ್ರಕಟಿಸಿತು. ಅದರ ಸಂಖ್ಯೆ ಐಎಸ್‌ಒ 10303. ಸ್ಟೆಪ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಮೊದಲ ಸಾಲಿನಲ್ಲೇ ಆ ಸಂಖ್ಯೆ ಕಾಣುತ್ತದೆ. ಓದಲು ಬರುವ ಅಕ್ಷರಗಳೇ, ಗುಪ್ತ ಲಿಪಿಯಲ್ಲ. ಯಾವ ಕಂಪೆನಿಯ ಸೊತ್ತೂ ಅಲ್ಲ.

ಸ್ಟೆಪ್‌ನಲ್ಲೂ ಒಳಪಂಗಡಗಳಿವೆ. ಫೈಲು ಉಳಿಸುವಾಗ ಎಪಿ203, ಎಪಿ214, ಎಪಿ242 ಎಂದು ಕೇಳುವುದು ಅವನ್ನೇ. 203 ಮೊದಲು ಬಂದದ್ದು, ಮುಖ್ಯವಾಗಿ ಆಕಾರ ಮತ್ತು ಜೋಡಣೆ. 214 ಕಾರು ಉದ್ಯಮಕ್ಕೆಂದು ಬಂದದ್ದು, ಬಣ್ಣ ಮತ್ತು ಲೇಯರ್‌ಗಳನ್ನೂ ಹೊರುತ್ತದೆ. 242 ಇವೆರಡನ್ನೂ ಸೇರಿಸಿ 2014ರಲ್ಲಿ ಬಂತು. ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬ ವಿವರವನ್ನೂ ಯಂತ್ರಕ್ಕೆ ಅರ್ಥವಾಗುವ ಹಾಗೆ ಕಳಿಸಲು ಅದರಲ್ಲಿ ಅವಕಾಶವಿದೆ. ಎರಡೂ ಕಡೆಯ ಸಾಫ್ಟ್‌ವೇರ್‌ಗೆ ಅದು ಬರುವುದಾದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ದುಬೈಯ ದೊಡ್ಡ ವಿಮಾನ ತಡವಾದದ್ದು

ಇದೆಲ್ಲ ಸಣ್ಣ ತಲೆನೋವು ಎಂದು ಅನಿಸಿದರೆ ಎಮಿರೇಟ್ಸ್‌ನ ಎರಡಂತಸ್ತಿನ ಎ380 ವಿಮಾನವನ್ನು ನೆನೆಯಬೇಕು. ದುಬೈ ಮೂಲಕ ಹೋಗಿಬರುವ ನಮ್ಮವರು ಬಹಳ ಮಂದಿ ಅದನ್ನು ನೋಡಿದ್ದಾರೆ. 2022ರ ಅಕ್ಟೋಬರಿನಿಂದ ಅದು ಬೆಂಗಳೂರಿಗೂ ಬರತೊಡಗಿತು.

ಆ ವಿಮಾನವನ್ನು ಏರ್‌ಬಸ್ ಕಂಪೆನಿ ಯುರೋಪಿನ ನಾಲ್ಕು ದೇಶಗಳಲ್ಲಿ ತುಂಡುತುಂಡಾಗಿ ತಯಾರಿಸಿ ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಿಸುತ್ತಿತ್ತು. ಒಂದೊಂದು ವಿಮಾನದ ಒಳಗೆ 500 ಕಿಲೋಮೀಟರಿಗೂ ಹೆಚ್ಚು ವಯರು. ಪುತ್ತೂರಿನಿಂದ ಬೆಂಗಳೂರಿಗೆ ಹೋಗಿ ಅರ್ಧ ದಾರಿಗಿಂತ ಹೆಚ್ಚು ವಾಪಸ್ ಬರುವಷ್ಟು ಉದ್ದ! ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಿದ್ಧವಾದ ವಯರಿನ ಕಟ್ಟುಗಳು ಟುಲೂಸ್‌ಗೆ ಬಂದಾಗ ಅಲ್ಲಿ ಸರಿಯಾಗಿ ಕೂರಲಿಲ್ಲ. ಜೋಡಿಸುವ ಜಾಗಕ್ಕೆ ಮುಟ್ಟದಷ್ಟು ಗಿಡ್ಡವಾಗಿದ್ದವು.

ಹುಡುಕಿದಾಗ ಸಿಕ್ಕ ಮುಖ್ಯ ಕಾರಣಗಳಲ್ಲಿ ಒಂದು ವಿನ್ಯಾಸದ ಸಾಫ್ಟ್‌ವೇರ್. ಜರ್ಮನಿ ಮತ್ತು ಸ್ಪೇನಿನವರು ಬಳಸುತ್ತಿದ್ದದ್ದು ಕಟಿಯಾದ ನಾಲ್ಕನೇ ಆವೃತ್ತಿ, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೇ ಆವೃತ್ತಿ. ಕಂಪೆನಿಯೂ ಒಂದೇ, ಸಾಫ್ಟ್‌ವೇರ್‌ನ ಹೆಸರೂ ಒಂದೇ. ಆದರೂ ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಗೆ ಸರಿಯಾಗಿ ದಾಟಲಿಲ್ಲ. 2006ರ ಜೂನಿನಲ್ಲಿ ವಿಳಂಬದ ಸುದ್ದಿ ಹೊರಬಿದ್ದಾಗ ಏರ್‌ಬಸ್‌ನ ಮಾತೃಸಂಸ್ಥೆಯ ಶೇರು ಒಂದೇ ದಿನದಲ್ಲಿ ಶೇ. 26 ಕುಸಿಯಿತು. 2010ರ ವರೆಗೆ ಲಾಭದಲ್ಲಿ 480 ಕೋಟಿ ಯೂರೊ ಖೋತಾ ಆಗಬಹುದೆಂದು ಅದೇ ವರ್ಷ ಅಕ್ಟೋಬರಿನಲ್ಲಿ ಕಂಪೆನಿಯೇ ಹೇಳಿತು. ಎಮಿರೇಟ್ಸ್‌ಗೆ ಮೊದಲ ಎ380 ಕೈಗೆ ಬಂದದ್ದು 2008ರ ಜುಲೈಯಲ್ಲಿ, ಹೆಚ್ಚುಕಡಿಮೆ ಎರಡು ವರ್ಷ ತಡವಾಗಿ.

ಇದು ಒಂದು ಕಂಪೆನಿಯ ಕಥೆ ಮಾತ್ರವಲ್ಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ 1999ರಲ್ಲಿ ಮಾಡಿದ ಅಧ್ಯಯನದಂತೆ ವಿನ್ಯಾಸದ ಮಾಹಿತಿ ಸರಿಯಾಗಿ ದಾಟದೆ ಅಲ್ಲಿನ ಕಾರು ಉದ್ಯಮ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್ ಕಳೆದುಕೊಳ್ಳುತ್ತಿತ್ತು. ಅಂದರೆ ಈ ಕೆಲಸವನ್ನು ಸರಿಯಾಗಿ ಮಾಡಬಲ್ಲವನಿಗೆ ಬೆಲೆ ಉಂಟು.

ಗಲ್ಫಿನ ಕಟ್ಟಡದಲ್ಲೂ ಅದೇ ವ್ಯಾಕರಣ

ನಮ್ಮ ಹುಡುಗರಲ್ಲಿ ಬಹಳ ಮಂದಿ ಗಲ್ಫಿನಲ್ಲಿ ಸೇರುವುದು ಯಂತ್ರದ ಕಾರ್ಖಾನೆಗಲ್ಲ, ಕಟ್ಟಡ ಕಟ್ಟುವ ಅಥವಾ ಪೈಪು ಹಾಕುವ ಕಂಪೆನಿಗಳಿಗೆ. ಅಲ್ಲಿ ಕೇಳಿಬರುವ ಪದ ಬಿಐಎಂ, ಹುಡುಗರ ಬಾಯಲ್ಲಿ "ಬಿಮ್". ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮೊದಲೇ ಪೂರ್ತಿ ಕಟ್ಟಿ ನೋಡುವ ಪದ್ಧತಿ ಅದು. ದುಬೈ ಮುನಿಸಿಪಾಲಿಟಿ 2014ರಿಂದ 40 ಮಹಡಿಗಿಂತ ಎತ್ತರದ ಕಟ್ಟಡಗಳಿಗೆ, 3 ಲಕ್ಷ ಚದರಡಿಗಿಂತ ದೊಡ್ಡವಕ್ಕೆ, ಆಸ್ಪತ್ರೆ, ವಿಶ್ವವಿದ್ಯಾಲಯದಂಥವಕ್ಕೆ ಇದನ್ನು ಕಡ್ಡಾಯ ಮಾಡಿತು. ಮುಂದೆ ಇನ್ನಷ್ಟು ಕಟ್ಟಡಗಳಿಗೆ ವಿಸ್ತರಿಸಿತು.

ಒಂದು ಟವರಿಗೆ ಕಂಬ ತೊಲೆಯ ಲೆಕ್ಕ ಒಂದು ಕಂಪೆನಿ ಮಾಡುತ್ತದೆ, ಎಸಿಯ ಡಕ್ಟ್ ಇನ್ನೊಂದು, ನೀರಿನ ಪೈಪು ಮತ್ತೊಂದು. ಒಬ್ಬೊಬ್ಬರದು ಒಂದೊಂದು ಸಾಫ್ಟ್‌ವೇರ್. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಪೈಪು ತೊಲೆಗೆ ಬಡಿಯುತ್ತದೋ ನೋಡಲು ಬಳಸುವ ಸಾಮಾನ್ಯ ರೂಪಕ್ಕೆ ಐಎಫ್‌ಸಿ ಎಂದು ಹೆಸರು, ಸಂಖ್ಯೆ ಐಎಸ್‌ಒ 16739. ಇದನ್ನೂ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ ಮೊದಲ ಸಾಲು ಅದೇ ಐಎಸ್‌ಒ 10303. ಬರೆಯುವ ಕ್ರಮ ಸ್ಟೆಪ್‌ನದ್ದೇ. ಪುತ್ತೂರಿನ ಅಡಿಕೆ ಯಂತ್ರದ ಶಾಫ್ಟೂ ದುಬೈಯ ಟವರೂ ಒಂದೇ ವ್ಯಾಕರಣದಲ್ಲಿ ಬರೆಯಲ್ಪಡುತ್ತವೆ. ಹಾಗಾಗಿ ಇಲ್ಲಿ ಸ್ಟೆಪ್ ಅರ್ಥಮಾಡಿಕೊಂಡ ಹುಡುಗನಿಗೆ ಅಲ್ಲಿ ಐಎಫ್‌ಸಿ ಹೊಸ ಲೋಕ ಆಗುವುದಿಲ್ಲ.

ಯಾವುದು ದಾಟುತ್ತದೆ, ಯಾವುದು ಉಳಿದುಹೋಗುತ್ತದೆ

ಸ್ಟೆಪ್ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದಲ್ಲ. ಬ್ಯಾರಿಯ ಒಂದು ಗಾದೆಯನ್ನು ಕನ್ನಡದಲ್ಲಿ ಹೇಳಿದರೆ ಅರ್ಥ ದಾಟುತ್ತದೆ, ಅದರ ರುಚಿ ಅಲ್ಲೇ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ.

ದಾಟುವುದು ಮುಗಿದ ಆಕಾರ. ದಾಟದೆ ಉಳಿಯುವುದು ಅದನ್ನು ಮಾಡಿದ ದಾರಿ. ಮೊದಲು ಈ ವೃತ್ತ ಬಿಡಿಸಿದೆ, ಅದನ್ನು ಇಷ್ಟು ಉದ್ದ ಎಳೆದೆ, ನಂತರ ಇಲ್ಲಿ ತೂತು ಮಾಡಿದೆ, ತೂತಿನ ಗಾತ್ರ ಶಾಫ್ಟಿನ ಅರ್ಧ ಇರಬೇಕೆಂದು ಸೂತ್ರ ಹಾಕಿದೆ. ಈ ಚರಿತ್ರೆಯೆಲ್ಲ ಮೂಲ ಸಾಫ್ಟ್‌ವೇರ್‌ನ ಫೈಲಿನಲ್ಲಿ ಮಾತ್ರ ಇರುತ್ತದೆ. ಸ್ಟೆಪ್ ಆಗಿ ಬಂದದ್ದರಲ್ಲಿ ಶಾಫ್ಟಿನ ಗಾತ್ರ ಬದಲಾಯಿಸಿದರೆ ತೂತು ತಾನಾಗಿ ಬದಲಾಗದು. ಈ ಕೆಲಸದವರು ಇಂಥದ್ದನ್ನು "ಡಂಬ್ ಸಾಲಿಡ್" ಅನ್ನುತ್ತಾರೆ.

ಹಾಗಾದರೆ ಇದು ದೋಷವೋ? ಎರಡೂ ಹೌದು. ಗಿರಾಕಿಗೆ ಕೊಡುವಾಗ ಅದು ಒಳ್ಳೆಯದೇ, ನಿಮ್ಮ ಯೋಚನೆಯ ದಾರಿ ಅವರಿಗೆ ಹೋಗುವುದಿಲ್ಲ. ನಿಮ್ಮದೇ ಸ್ವಂತ ಕೆಲಸವನ್ನು ಹೊಸ ಸಾಫ್ಟ್‌ವೇರ್‌ಗೆ ದಾಟಿಸುವಾಗ ಅದೇ ನಷ್ಟ. ಆದ್ದರಿಂದ ಮೂಲ ಫೈಲನ್ನೂ ಸ್ಟೆಪ್ ಪ್ರತಿಯನ್ನೂ ಎರಡನ್ನೂ ಇಟ್ಟುಕೊಳ್ಳಬೇಕು.

ಎರಡನೆಯದು, ಅಳತೆಯ ಸೂಕ್ಷ್ಮ. ಬೇರಿಂಗ್ ಕೂರುವ ಜಾಗದ ವ್ಯಾಸ 25 ಮಿ.ಮೀ. ಎಂದರೆ ಸಾಲದು. ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಹೆಚ್ಚಾದರೂ ಬೇರಿಂಗ್ ಹೋಗದು, ಕಡಿಮೆಯಾದರೆ ಅಲ್ಲಾಡುತ್ತದೆ. ಈ ಮಾಹಿತಿ ಹಳೆಯ ರೀತಿಯ ಸ್ಟೆಪ್ ಫೈಲಿನಲ್ಲಿ ಹೋಗುವುದಿಲ್ಲ. ಸಿಎನ್‌ಸಿಯವನಿಗೆ ಸ್ಟೆಪ್ ಫೈಲಿನ ಜೊತೆಗೆ ಅಳತೆ ಬರೆದ ಪಿಡಿಎಫ್ ಡ್ರಾಯಿಂಗನ್ನೂ ಕಳಿಸುವ ರೂಢಿ ಇದಕ್ಕಾಗಿಯೇ.

ದಾಟಿಸುವ ಸಾಧನಗಳು

ಹೆಚ್ಚಿನ ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲಿ ಸ್ಟೆಪ್, ಐಜಿಇಎಸ್ ತೆರೆಯುವ ಮತ್ತು ಉಳಿಸುವ ಸೌಲಭ್ಯ ಇದ್ದೇ ಇದೆ. ಅದು ಸಾಲದಾದಾಗ ಬಳಸುವುದಕ್ಕೆಂದೇ ಬೇರೆ ಸಾಫ್ಟ್‌ವೇರ್‌ಗಳಿವೆ. ಕ್ಯಾಡ್‌ಫಿಕ್ಸ್, ಟ್ರಾನ್ಸ್‌ಮ್ಯಾಜಿಕ್, ಕ್ಯಾಡ್ ಎಕ್ಸ್‌ಚೇಂಜರ್, ಫ್ರಾನ್ಸಿನ ಡೇಟಾಕಿಟ್, ಜಪಾನಿನ ಎಲಿಸಿಯಂ ಇವು ಆ ಕ್ಷೇತ್ರದ ಹೆಸರುಗಳು. ಇವು ಫೈಲಿನ ರೂಪ ಬದಲಾಯಿಸುತ್ತವೆ, ಹರಿದ ಮೇಲ್ಮೈಗಳನ್ನು ಹೊಲಿಯುತ್ತವೆ, ಮೂಲಕ್ಕೂ ಪ್ರತಿಗೂ ವ್ಯತ್ಯಾಸ ಬಂದಿದೆಯೇ ಎಂದು ಹೋಲಿಸುವುದೂ ಕೆಲವಕ್ಕೆ ಗೊತ್ತು. ದುಡ್ಡು ಕೊಟ್ಟು ಕೊಳ್ಳುವ ಇಂಥವು ದೊಡ್ಡ ಕಂಪೆನಿಗಳಿಗೆ. ಈ ಕೆಲಸದಲ್ಲಿ ಭಾರತದವರೂ ಹಿಂದಿಲ್ಲ. 2017ರಲ್ಲಿ ಎಚ್‌ಸಿಎಲ್ ಜೊತೆ ಸೇರಿದ ಜಿಯೋಮೆಟ್ರಿಕ್ ಎಂಬ ಮುಂಬೈ ಕಂಪೆನಿ ಎಂಜಿನಿಯರಿಂಗ್ ಸಾಫ್ಟ್‌ವೇರ್ ಕೆಲಸಕ್ಕೆ ಹೆಸರಾಗಿತ್ತು.

ಕಲಿಯುವ ಮಕ್ಕಳಿಗೆ, ಊರಿನ ವರ್ಕ್‌ಶಾಪುಗಳಿಗೆ ಬೇಕಾದದ್ದು ಉಚಿತವಾಗಿಯೇ ಸಿಗುತ್ತದೆ. ಫ್ರೀಕ್ಯಾಡ್ 2002ರಲ್ಲಿ ಶುರುವಾಗಿ 2024ರ ನವೆಂಬರಿನಲ್ಲಿ 1.0 ಆವೃತ್ತಿಗೆ ಬಂತು. ಸ್ಟೆಪ್, ಐಜಿಇಎಸ್, ಎಸ್‌ಟಿಎಲ್, ಡಿಎಕ್ಸ್‌ಎಫ್, ಐಎಫ್‌ಸಿ ಎಲ್ಲವನ್ನೂ ಮುಟ್ಟುತ್ತದೆ. ಸ್ಟೆಪ್ ಫೈಲಿನ ಒಳಗೆ ಏನೇನಿದೆ ಎಂದು ಪಟ್ಟಿ ಮಾಡಿ ತೋರಿಸುವ ಉಚಿತ ಸಾಫ್ಟ್‌ವೇರನ್ನು ಅಮೆರಿಕದ ಎನ್‌ಐಎಸ್‌ಟಿಯೇ ಕೊಡುತ್ತದೆ. ಸಾಲಿಡ್ ಎಡ್ಜ್ ಕಲಿತವರಿಗೆ ಇನ್ನೊಂದು ಸುಲಭದ ದಾರಿ ಉಂಟು. ಕಂಪೆನಿಯಲ್ಲಿ ಸಾಲಿಡ್‌ವರ್ಕ್ಸ್ ಅಥವಾ ಎನ್‌ಎಕ್ಸ್ ಇದ್ದರೆ ಪ್ಯಾರಾಸಾಲಿಡ್ ರೂಪದಲ್ಲಿ ಕಳಿಸಿದರಾಯಿತು. ಎರಡೂ ಕಡೆ ಎಂಜಿನ್ ಒಂದೇ ಆದ್ದರಿಂದ ಆಕಾರ ಕೆಡುವ ಭಯ ಬಹಳ ಕಡಿಮೆ.

ಇದೂ ಒಂದು ಅಮಾನತ್ತು

ನಂಬಿ ಕೈಗೆ ಕೊಟ್ಟದ್ದನ್ನು ಹಾಗೆಯೇ ಹಿಂದಿರುಗಿಸಬೇಕು, ಅದು ಅಮಾನತ್ತು ಎಂದು ಮದ್ರಸದಲ್ಲಿ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಒಬ್ಬರ ವಿನ್ಯಾಸದ ಫೈಲು ನಮ್ಮ ಕೈಗೆ ಬಂದರೆ ಅದೂ ಅಮಾನತ್ತೇ. ತಪ್ಪಾಗುವುದು ಮುಖ್ಯವಾಗಿ ಮೂರು ಕಡೆ.

ಒಂದು, ಆನ್‌ಲೈನಿನಲ್ಲಿ "ಉಚಿತವಾಗಿ ಫೈಲು ಬದಲಾಯಿಸಿ ಕೊಡುತ್ತೇವೆ" ಎನ್ನುವ ತಾಣಗಳು. ಕಂಪೆನಿಯ ಫೈಲನ್ನು ಅಲ್ಲಿಗೆ ಹಾಕಿದರೆ ಅದರ ಪ್ರತಿ ಯಾರ ಕಂಪ್ಯೂಟರಿನಲ್ಲಿ ಉಳಿಯುತ್ತದೆಂದು ಹೇಳಲಾಗದು. ಹೊಸ ಉತ್ಪನ್ನದ ಗುಟ್ಟು ಹೊರಹೋದರೆ ಕೆಲಸ ಹೋಗುವುದಷ್ಟೇ ಅಲ್ಲ, ಕೇಸೂ ಆಗಬಹುದು.

ಎರಡು, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. "ಕಲಿಯಲಿಕ್ಕಲ್ವಾ, ಎಂತ ಆಗುವುದಿಲ್ಲ ಮಾರಾಯ" ಎನ್ನುವ ಮಾತು ಸುಲಭ. ಕಳ್ಳ ಪ್ರತಿಯಲ್ಲಿ ಮಾಡಿದ ಕೆಲಸವನ್ನು ಗಿರಾಕಿಗೆ ಮಾರುವಾಗ ಅದು ಕಲಿಕೆಯಾಗಿ ಉಳಿಯುವುದಿಲ್ಲ. ವಿದ್ಯಾರ್ಥಿಗಳಿಗೆ ಕಂಪೆನಿಗಳೇ ಕಡಿಮೆ ಬೆಲೆಗೋ ಉಚಿತವಾಗಿಯೋ ಕೊಡುವ ಆವೃತ್ತಿಗಳಿವೆ, ಫ್ರೀಕ್ಯಾಡ್ ಇದೆ. ಹಲಾಲಾದ ದಾರಿ ಇರುವಾಗ ಇನ್ನೊಂದು ಯಾಕೆ?

ಮೂರನೆಯದು ನಮ್ಮ ವರ್ಕ್‌ಶಾಪಿನ ಮಾಲಕರಿಗೆ. ಯಂತ್ರದ ವಿನ್ಯಾಸವನ್ನು ಹೊರಗಿನವರಿಂದ ದುಡ್ಡು ಕೊಟ್ಟು ಮಾಡಿಸುತ್ತೀರಿ. ಅವರು ಕೊಡುವುದು ಮುದ್ರಿಸಿದ ಹಾಳೆ ಅಥವಾ ಪಿಡಿಎಫ್. ನಾಲ್ಕು ವರ್ಷ ಕಳೆದು ಒಂದು ಗೇರು ಬದಲಾಯಿಸಬೇಕಾದಾಗ ಆ ಹುಡುಗ ಕುವೈತಿನಲ್ಲಿರುತ್ತಾನೆ, ಫೈಲು ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ. ಯಂತ್ರ ನಿಮ್ಮದು, ಅದರ ಜಾತಕ ಬೇರೆಯವರ ಕೈಯಲ್ಲಿ. ಕೆಲಸ ಒಪ್ಪಿಸುವಾಗಲೇ "ಮೂಲ ಫೈಲೂ ಸ್ಟೆಪ್ ಪ್ರತಿಯೂ ಪೆನ್‌ಡ್ರೈವಿನಲ್ಲಿ ಕೊಡಬೇಕು" ಎಂದು ಮಾತಾಡಿಕೊಳ್ಳಿ. ಒಂದು ಕಾಗದದಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ಸಾಫ್ಟ್‌ವೇರ್ ಕಂಪೆನಿ ಇರಲಿ ಹೋಗಲಿ, ಸ್ಟೆಪ್ ಪ್ರತಿ ಇದ್ದರೆ ಯಂತ್ರವನ್ನು ಇನ್ನೊಬ್ಬರು ಮುಂದುವರಿಸಬಹುದು.

ಮನೆಯಿಂದಲೇ ಮಾಡುವ ಕೆಲಸ

ಹೆಣ್ಣುಮಕ್ಕಳ ವಿಷಯದಲ್ಲೂ ಒಂದು ಮಾತು. ನಮ್ಮ ಹುಡುಗಿಯರು ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿ, ಮದುವೆಯಾದ ಮೇಲೆ ಕೆಲಸಕ್ಕೆ ದೂರ ಹೋಗಲಾರದೆ ಕೂರುವುದು ಹೊಸತಲ್ಲ. ಹಳೆಯ ಕಾಗದದ ಡ್ರಾಯಿಂಗನ್ನು ತ್ರೀಡಿ ಮಾದರಿ ಮಾಡುವುದು, ಐಜಿಇಎಸ್ ಆಗಿ ಬಂದ ಹರಿದ ಫೈಲನ್ನು ಸರಿಪಡಿಸಿ ಸ್ಟೆಪ್ ಮಾಡಿ ಕಳಿಸುವುದು, ಡಂಬ್ ಸಾಲಿಡ್‌ನಿಂದ ಮತ್ತೆ ಸೂತ್ರವಿರುವ ಮಾದರಿ ಕಟ್ಟುವುದು. ಇವು ತಾಳ್ಮೆ ಬೇಡುವ, ಕೂತಲ್ಲೇ ಮಾಡಬಹುದಾದ ಕೆಲಸಗಳು. ಸುಬ್ರಹ್ಮಣ್ಯದ ಆಚೆಯ ಹಳ್ಳಿಯಲ್ಲಿದ್ದರೂ ನೆಟ್‌ವರ್ಕ್ ಸಿಕ್ಕಿದರೆ ಸಾಕು. ಇದರಲ್ಲಿ ನಂಬಿಕೆ ಗಳಿಸಬೇಕಾದರೆ ಬೇಕಾದದ್ದು ವೇಗವಲ್ಲ, "ಇವರು ಕಳಿಸಿದ ಫೈಲು ತೆರೆದರೆ ಸರಿಯಾಗಿರುತ್ತದೆ" ಎಂಬ ಹೆಸರು.

ಫೈಲು ಕಳಿಸುವ ಮೊದಲು

* ಎದುರಿನವರ ಹತ್ತಿರ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಇದೆ ಎಂದು ಮೊದಲೇ ಕೇಳಿ. ಕೇಳುವುದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ.
* ಅಳತೆ ಮಿಲಿಮೀಟರೋ ಇಂಚೋ ಎಂದು ಫೈಲಿನ ಹೆಸರಿನಲ್ಲಿ ಅಥವಾ ಜೊತೆಯ ಪತ್ರದಲ್ಲಿ ಬರೆಯಿರಿ. ಎಸ್‌ಟಿಎಲ್ ಕಳಿಸುವಾಗ ಇದನ್ನು ಬಿಡಲೇಬೇಡಿ.
* ಪರಿವರ್ತಿಸಿದ ಫೈಲನ್ನು ನೀವೇ ಮತ್ತೆ ತೆರೆಯಿರಿ, ಸಾಧ್ಯವಾದರೆ ಬೇರೆ ಸಾಫ್ಟ್‌ವೇರ್‌ನಲ್ಲಿ. ಗಟ್ಟಿ ತುಂಡಾಗಿಯೇ ಇದೆಯೇ ನೋಡಿ.
* ಮೂಲದ ಘನಗಾತ್ರ ಮತ್ತು ಪ್ರತಿಯ ಘನಗಾತ್ರ ಹೋಲಿಸಿ. ಕ್ಯಾಡ್ ಸಾಫ್ಟ್‌ವೇರ್ ಇದನ್ನು ಕ್ಷಣದಲ್ಲಿ ಹೇಳುತ್ತದೆ. ವ್ಯತ್ಯಾಸ ಕಂಡರೆ ಎಲ್ಲೋ ಏನೋ ಬಿದ್ದುಹೋಗಿದೆ ಎಂದೇ ಅರ್ಥ.
* ಒಂದೆರಡು ಮುಖ್ಯ ಅಳತೆಗಳನ್ನು ಕೈಯಾರೆ ಅಳೆದು ನೋಡಿ. ತೂತುಗಳನ್ನು ಎಣಿಸಿ.
* ಅಳತೆಯ ಸೂಕ್ಷ್ಮ, ಲೋಹದ ಹೆಸರು, ಪಾಲಿಶ್ ಇತ್ಯಾದಿ ಇರುವ ಪಿಡಿಎಫನ್ನು ಜೊತೆಗೆ ಕಳಿಸಿ.
* ಮೂಲ ಫೈಲು, ಸ್ಟೆಪ್ ಪ್ರತಿ, ಪಿಡಿಎಫ್ ಮೂರನ್ನೂ ದಿನಾಂಕ ಬರೆದು ಎರಡು ಕಡೆ ಇಟ್ಟುಕೊಳ್ಳಿ.

ಇದನ್ನೆಲ್ಲ ಕಲಿಸಲು ದೊಡ್ಡ ಸಂಸ್ಥೆ ಬೇಕೆಂದಿಲ್ಲ. ನಮ್ಮ ಜಮಾಅತ್‌ಗಳು, ಯುವಕ ಸಂಘಟನೆಗಳು ವರ್ಷವೂ ವಿದ್ಯಾರ್ಥಿಗಳನ್ನು ಸನ್ಮಾನಿಸುತ್ತವೆ, ಮಾರ್ಗದರ್ಶನ ಶಿಬಿರ ಮಾಡುತ್ತವೆ. ಅದರಲ್ಲಿ ಒಂದು ಭಾನುವಾರವನ್ನು ಇದಕ್ಕೆ ಕೊಡಬಹುದು. ಐದಾರು ಲ್ಯಾಪ್‌ಟಾಪು, ಫ್ರೀಕ್ಯಾಡ್, ರಜೆಯಲ್ಲಿ ಊರಿಗೆ ಬಂದ ಒಬ್ಬ ಅನುಭವಸ್ಥ ಎಂಜಿನಿಯರ್ ಇದ್ದರೆ ಸಾಕು. ಜುಬೈಲಿನಲ್ಲೋ ದೋಹಾದಲ್ಲೋ ಹತ್ತು ವರ್ಷ ದುಡಿದವರಿಗೆ ಯಾವ ಫೈಲು ಎಲ್ಲಿ ಕೈಕೊಡುತ್ತದೆಂದು ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಒಬ್ಬರ ಅನುಭವ ಇಪ್ಪತ್ತು ಮಕ್ಕಳಿಗೆ ದಾಟಿದರೆ ಅಷ್ಟೇ ಆಯಿತು.

ಮಕ್ಕಳನ್ನು ಕ್ಯಾಡ್ ಕೋರ್ಸಿಗೆ ಸೇರಿಸಲು ಹೋಗುವ ತಂದೆ ತಾಯಿಯೂ ಫೀಸು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ. "ಇಲ್ಲಿ ಕಲಿತದ್ದನ್ನು ಬೇರೆ ಸಾಫ್ಟ್‌ವೇರ್‌ಗೆ ದಾಟಿಸುವುದನ್ನೂ ಕಲಿಸುತ್ತೀರಾ?" ಉತ್ತರ ಸರಿಯಾಗಿ ಬಾರದಿದ್ದರೆ ಇನ್ನೊಂದು ಕಡೆ ವಿಚಾರಿಸಿ ನೋಡುವುದೇ ಲೇಸು.